ಲಾಫೋರಾ: ಮೂರ್ಛೆರೋಗದ ಮೂಲವನ್ನು ಮಿದುಳಿನಲ್ಲಿ ಕಂಡ ಸ್ಪೇನಿನ ವೈದ್ಯ

ಮಧುಮೇಹಿಗಳಿರುವ ಮನೆಗಳಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯ ಹೆಸರು ಕೇಳದವರು ವಿರಳ. ಅಗ್ಗದ ದರಕ್ಕೆ ದೊರೆಯುವ, ದಶಕಗಳಿಂದ ಬಳಕೆಯಲ್ಲಿರುವ ಈ ಔಷಧಕ್ಕೆ 2016ರಲ್ಲಿ ಯುರೋಪಿನಲ್ಲಿಯೂ, ಮರುವರ್ಷ ಅಮೆರಿಕದಲ್ಲಿಯೂ ಅನಿರೀಕ್ಷಿತವಾದ ಮನ್ನಣೆಯೊಂದು ದೊರೆಯಿತು. ಹದಿಹರೆಯದ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಒಂದು ಬಗೆಯ ಅಪಸ್ಮಾರಕ್ಕೆ ಇದು ಮದ್ದಾಗಬಹುದೆಂದು ಪರಿಗಣಿಸಿ, ಅಪರೂಪದ ಕಾಯಿಲೆಗಳ ಔಷಧಗಳಿಗೆ ಮೀಸಲಾದ ವಿಶೇಷ ಸ್ಥಾನವನ್ನು ನೀಡಲಾಯಿತು. ಇದು ಮಾರಾಟದ ಪರವಾನಗಿಯಲ್ಲ, ಸಂಶೋಧನೆಗೆ ನೀಡುವ ಉತ್ತೇಜನ ಮಾತ್ರ. ಆ ಕಾಯಿಲೆಯ ಹೆಸರು ಲಾಫೋರಾ. ಅದು, ಮಧುಮೇಹದ ಮಾತ್ರೆಯ ಬಗ್ಗೆ ಕನಸಿನಲ್ಲಿಯೂ ಯೋಚಿಸಿರದಿದ್ದ ಸ್ಪೇನ್ ದೇಶದ ನರರೋಗ ತಜ್ಞರೊಬ್ಬರ ಹೆಸರು.

ಗೊನ್ಸಾಲೊ ರೊಡ್ರಿಗೆಸ್ ಲಾಫೋರಾ 1886ರ ಜುಲೈ 25ರಂದು ಮ್ಯಾಡ್ರಿಡ್ ನಗರದಲ್ಲಿ ಜನಿಸಿದರು. ಅವರು ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದ ಕಾಲಕ್ಕೆ ಸ್ಪೇನಿನ ವಿಜ್ಞಾನರಂಗದಲ್ಲಿ ಹೊಸ ಹುರುಪು ಮೂಡಿತ್ತು. ನರಕೋಶಗಳ ರಚನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಸಾಂಟಿಯಾಗೊ ರಮೋನ್ ಇ ಕಹಾಲ್ ಅವರಿಗೆ 1906ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತ್ತು. ಕಹಾಲ್ ಹಾಗೂ ಲೂಯಿಸ್ ಸಿಮಾರೊ ಅವರ ಪ್ರಭಾವದಲ್ಲಿ ಬೆಳೆದ ಲಾಫೋರಾ, ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ತೆರಳಿದರು. ಮ್ಯೂನಿಕ್‌ನಲ್ಲಿ ಎಮಿಲ್ ಕ್ರೇಪಲಿನ್ ಮತ್ತು ಅಲಾಯ್ಸ್ ಆಲ್ಜೈಮರ್ ಅವರ ಬಳಿ ಕಲಿತರು. ಮರೆಗುಳಿತನದ ಕಾಯಿಲೆಗೆ ಹೆಸರು ಕೊಟ್ಟ ಆಲ್ಜೈಮರ್ ಇವರೇ. ಸತ್ತವರ ಮಿದುಳನ್ನು ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ಬದುಕಿದ್ದಾಗಿನ ಸಂಕಟಕ್ಕೆ ಕಾರಣ ಹುಡುಕುವುದು ಆ ಗುರುಪರಂಪರೆಯ ಮಾರ್ಗವಾಗಿತ್ತು.

ಅಮೆರಿಕದ ವಾಷಿಂಗ್ಟನ್‌ನಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸ್ಪೇನಿನವರೇ ಆದ ನಿಕೋಲಾಸ್ ಅಚುಕಾರೊ ಕೆಲಸ ಮಾಡುತ್ತಿದ್ದರು. 1910ರಲ್ಲಿ ಅವರು ತೆರವು ಮಾಡಿದ ಸ್ಥಾನಕ್ಕೆ ಲಾಫೋರಾ ನೇಮಕಗೊಂಡರು. ಮುಂದೆ ಸೇಂಟ್ ಎಲಿಜಬೆತ್ಸ್ ಎಂದು ಹೆಸರಾದ ಆಸ್ಪತ್ರೆ ಅದು.

ಅಲ್ಲಿ ಅವರ ಮೇಜಿಗೆ ಬಂದದ್ದು ತರುಣನೊಬ್ಬನ ಮಿದುಳು. ಮೂರ್ಛೆ, ಕೈಕಾಲುಗಳ ದಿಢೀರ್ ಜಗ್ಗಾಟ, ದಿನದಿನಕ್ಕೆ ಕುಗ್ಗುತ್ತ ಹೋದ ಬುದ್ಧಿಶಕ್ತಿ – ಇವು ಆತನ ರೋಗಲಕ್ಷಣಗಳು. ಇಂತಹ ಜಗ್ಗಾಟದ ಅಪಸ್ಮಾರ ಕುಟುಂಬಗಳಲ್ಲಿ ಹರಿದುಬರುತ್ತದೆಂಬ ಸಂಗತಿ 1891ರ ಹೊತ್ತಿಗೇ ದಾಖಲಾಗಿತ್ತು. ಆದರೆ ಮಿದುಳಿನೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಲಿಲ್ಲ. ಲಾಫೋರಾ ನೋಡಿದಾಗ ನರಕೋಶಗಳ ಒಡಲಿನಲ್ಲಿಯೇ ದುಂಡನೆಯ ಕಣಗಳು ಕಂಡವು. ವಯಸ್ಸಾದವರ ಮಿದುಳಿನಲ್ಲಿ ಇಂತಹ ಕಣಗಳಿರುವುದು ಹೊಸ ವಿಷಯವಲ್ಲ. ಆದರೆ ಎಳೆಯ ವಯಸ್ಸಿನವನ ನರಕೋಶಗಳ ಒಳಗೇ ಅವು ತುಂಬಿಕೊಂಡಿದ್ದುದು ವಿಚಿತ್ರವಾಗಿತ್ತು. ಬಣ್ಣವೇರಿಸಿದಾಗ ಅವು ಪಿಷ್ಟದಂತಹ ವಸ್ತುವನ್ನು ಹೋಲುತ್ತಿದ್ದವು. ಶಾಲೆಯಲ್ಲಿ ಆಲೂಗೆಡ್ಡೆಯ ಹೋಳಿನ ಮೇಲೆ ಅಯೋಡಿನ್ ಹನಿಸಿ ನೀಲಿ ಬಣ್ಣ ನೋಡಿದವರಿಗೆ ಪಿಷ್ಟವೆಂದರೇನೆಂದು ವಿವರಿಸಬೇಕಾಗಿಲ್ಲ. ಮಿದುಳಿನ ಕೋಶದಲ್ಲಿ ಪಿಷ್ಟಕ್ಕೇನು ಕೆಲಸ?

1911ರಲ್ಲಿ ಲಾಫೋರಾ ಈ ಶೋಧವನ್ನು ಜರ್ಮನ್ ಭಾಷೆಯ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ರೋಗಿಯ ವಿವರಗಳನ್ನೊಳಗೊಂಡ ಲೇಖನಕ್ಕೆ ಬರ್ನಾರ್ಡ್ ಗ್ಲೂಯೆಕ್ ಸಹಲೇಖಕರಾಗಿದ್ದರು. ಆಗ ಲಾಫೋರಾ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಕಾರಣದ ಸುಳಿವು ಸಿಕ್ಕಿತಾದರೂ ರೋಗಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಅಪಸ್ಮಾರಕ್ಕೆ ಅಂದು ಬ್ರೋಮೈಡ್ ಲವಣಗಳೇ ಮುಖ್ಯ ಆಸರೆ. ಫಿನೋಬಾರ್ಬಿಟಾಲ್ ಬಂದದ್ದು 1912ರಲ್ಲಿ. ಮಧುಮೇಹಕ್ಕೂ ಆಗ ಪಥ್ಯವೇ ಗತಿ; ಇನ್ಸುಲಿನ್ ದೊರೆತದ್ದು 1921ರಲ್ಲಿ.

1912ರಲ್ಲಿ ಲಾಫೋರಾ ಸ್ವದೇಶಕ್ಕೆ ಮರಳಿದರು. ಅಲ್ಲಿಂದ ಮುಂದಿನ ಕಾಲು ಶತಮಾನ ಅವರದು ಸಂಶೋಧಕನಿಗಿಂತ ಸುಧಾರಕನ ಬದುಕು ಎನ್ನಬೇಕು. ಬುದ್ಧಿಮಾಂದ್ಯ ಮಕ್ಕಳ ಬಗ್ಗೆ 1917ರಲ್ಲಿ ಗ್ರಂಥ ಬರೆದರು. ತತ್ವಜ್ಞಾನಿ ಹೊಸೆ ಒರ್ಟೇಗಾ ಇ ಗ್ಯಾಸೆಟ್ ಮತ್ತು ಮನೋವೈದ್ಯ ಹೊಸೆ ಮಿಗೆಲ್ ಸಕ್ರಿಸ್ತಾನ್ ಅವರೊಡನೆ ಸೇರಿ 1920ರಲ್ಲಿ ನರವಿಜ್ಞಾನದ ಪತ್ರಿಕೆಯನ್ನು ಸ್ಥಾಪಿಸಿದರು. 1925ರಲ್ಲಿ ಮ್ಯಾಡ್ರಿಡ್‌ನ ಕರಬಾಂಚೆಲ್ ಪ್ರದೇಶದಲ್ಲಿ ವಿಶೇಷ ಮಕ್ಕಳಿಗಾಗಿ ವೈದ್ಯಕೀಯ ಮತ್ತು ಶಿಕ್ಷಣವನ್ನು ಒಂದುಗೂಡಿಸಿದ ಸಂಸ್ಥೆಯನ್ನು ತೆರೆದರು. ಅಂತಹ ಮಕ್ಕಳನ್ನು ಮನೆಯ ಮೂಲೆಯಲ್ಲಿ ಬಚ್ಚಿಡುತ್ತಿದ್ದ ಕಾಲ ಅದೆಂಬುದನ್ನು ನೆನೆದರೆ ಈ ಕೆಲಸದ ತೂಕ ಅರಿವಾದೀತು.

1936ರಲ್ಲಿ ಅಂತರ್ಯುದ್ಧ ಸ್ಫೋಟಿಸಿತು. ಪತ್ರಿಕೆ ನಿಂತಿತು. ಗಣರಾಜ್ಯದ ಪಕ್ಷದಲ್ಲಿದ್ದ ಲಾಫೋರಾ, ಯುದ್ಧದಿಂದ ಮನಸ್ಸು ಜರ್ಜರಿತವಾದ ಸೈನಿಕರ ಚಿಕಿತ್ಸೆಯಲ್ಲಿ ತೊಡಗಿಕೊಂಡರು. 1938ರಲ್ಲಿ ದೇಶ ತೊರೆದು ಮೆಕ್ಸಿಕೊ ಸೇರಿದರು. ನಿರಾಶ್ರಿತ ವಿದ್ವಾಂಸರಿಗೆ ಆ ದೇಶ ಬಾಗಿಲು ತೆರೆದಿತ್ತು. ಐವತ್ತು ದಾಟಿದ ಪ್ರಾಯದಲ್ಲಿ, ಪ್ರಯೋಗಾಲಯವನ್ನೂ ಕಟ್ಟಿದ ಸಂಸ್ಥೆಯನ್ನೂ ಬಿಟ್ಟು ಪರದೇಶದಲ್ಲಿ ಮತ್ತೆ ರೋಗಿಗಳನ್ನು ನೋಡುತ್ತ ಕೂರುವುದು ಸುಲಭದ ಮಾತಲ್ಲ. 1947ರಲ್ಲಿ ಹಿಂದಿರುಗಿದಾಗ ಸ್ಪೇನ್ ಫ್ರಾಂಕೊ ಸರ್ವಾಧಿಕಾರದ ಹಿಡಿತದಲ್ಲಿತ್ತು. ಹಳೆಯ ಹುದ್ದೆ ಮರಳಿ ದೊರೆಯಲು ಅವರು ಕೆಲವು ವರ್ಷ ಕಾಯಬೇಕಾಯಿತು. ನಿಂತುಹೋಗಿದ್ದ ಪತ್ರಿಕೆಗೆ 1954ರಲ್ಲಿ ಮರುಜೀವ ಕೊಟ್ಟರು. 1971ರ ಡಿಸೆಂಬರ್ 27ರಂದು, 85ನೆಯ ವಯಸ್ಸಿನಲ್ಲಿ, ಮ್ಯಾಡ್ರಿಡ್‌ನಲ್ಲಿ ನಿಧನರಾದರು.

ಅವರ ಜೀವಿತಾವಧಿಯಲ್ಲಿಯೇ ಎರಡು ಘಟನೆಗಳು ಪರಸ್ಪರ ಸಂಬಂಧವಿಲ್ಲದೆ ನಡೆದಿದ್ದವು. 1922ರಲ್ಲಿ ಡಬ್ಲಿನ್‌ನಲ್ಲಿ ಮೊದಲು ತಯಾರಾಗಿದ್ದ ಮೆಟ್‌ಫಾರ್ಮಿನ್ ಅನ್ನು 1957ರಲ್ಲಿ ಪ್ಯಾರಿಸ್‌ನ ವೈದ್ಯ ಜ್ಯಾನ್ ಸ್ಟರ್ನ್ ಮಧುಮೇಹಕ್ಕೆ ಬಳಸಿದ ವರದಿ ನೀಡಿದರು. 1960ರ ದಶಕದಲ್ಲಿ, ಲಾಫೋರಾ ಕಂಡ ಕಣಗಳು ಸಕ್ಕರೆಯ ಅಣುಗಳಿಂದಲೇ ಹೆಣೆದ, ವಿಕೃತಗೊಂಡ ಗ್ಲೈಕೋಜನ್ ಎಂಬುದು ಸ್ಪಷ್ಟವಾಯಿತು. ಪಿಷ್ಟದ ಹೋಲಿಕೆ ಸರಿಯಾಗಿಯೇ ಇತ್ತು.

ಇದಕ್ಕೆ ಕಾರಣವಾದ ಮೊದಲ ವಂಶವಾಹಿ 1998ರಲ್ಲಿ, ಎರಡನೆಯದು 2003ರಲ್ಲಿ ಪತ್ತೆಯಾದವು. ಅವು ತಯಾರಿಸುವ ಪ್ರೊಟೀನುಗಳಿಗೆ ಲಾಫೋರಿನ್, ಮ್ಯಾಲಿನ್ ಎಂಬ ಹೆಸರುಗಳಿವೆ. ಎರಡರಲ್ಲಿ ಒಂದು ಕೆಟ್ಟರೂ ಕೋಶದಲ್ಲಿ ಗ್ಲೈಕೋಜನ್ ಹದ ತಪ್ಪಿ, ಕರಗದ ಉಂಡೆಗಳಾಗುತ್ತದೆ. ದೋಷವಿರುವ ಪ್ರತಿಯು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವಿಗೆ ರೋಗ ತಗಲುತ್ತದೆ. ಆದುದರಿಂದಲೇ ರಕ್ತಸಂಬಂಧದಲ್ಲಿ ಮದುವೆಗಳಾಗುವ ಪ್ರದೇಶಗಳಲ್ಲಿ ಇದರ ಅಪಾಯ ಹೆಚ್ಚು. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವ ನಮ್ಮ ದಕ್ಷಿಣ ಭಾರತಕ್ಕೂ ಈ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಕ್ಷಿಣ ಭಾರತದ ಲಾಫೋರಾ ರೋಗಿಗಳ ಬಗ್ಗೆ 1993ರಲ್ಲಿಯೇ ಅಧ್ಯಯನ ಪ್ರಕಟಿಸಿದ್ದಾರೆ.

ರೋಗದ ನಡೆ ಕ್ರೂರವಾದುದು. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದ ಹುಡುಗ ಅಥವಾ ಹುಡುಗಿಗೆ ಹದಿಹರೆಯದಲ್ಲಿ ಮೂರ್ಛೆ ಬರತೊಡಗುತ್ತದೆ. ಇಲ್ಲದ ದೃಶ್ಯಗಳು ಕಣ್ಣಿಗೆ ಕಾಣುತ್ತವೆ. ನೆನಪು, ಮಾತು, ನಡಿಗೆ ಒಂದೊಂದಾಗಿ ಕೈಬಿಡುತ್ತವೆ. ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸಿನಲ್ಲಿ ಸಾವು. ಮಾಮೂಲಿ ಮೂರ್ಛೆ ಔಷಧಗಳು ಒಂದಿಷ್ಟು ದಿನ ತಡೆಯಬಲ್ಲವೇ ಹೊರತು ಬೇರನ್ನು ಮುಟ್ಟುವುದಿಲ್ಲ.

ಲಾಫೋರಾ ಅವರ ನಾಡಿನ ಸಂಶೋಧಕರೇ 2016ರಲ್ಲಿ ಹೊಸ ದಾರಿಯೊಂದನ್ನು ಪರೀಕ್ಷಿಸಿದರು. ಮ್ಯಾಲಿನ್ ಇಲ್ಲದ ಇಲಿಗಳಿಗೆ ಮೆಟ್‌ಫಾರ್ಮಿನ್ ನೀಡಿದಾಗ ಮಿದುಳಿನ ಉಂಡೆಗಳು ತಗ್ಗಿದವು, ನರಕೋಶಗಳ ಸಾವು ಕಡಿಮೆಯಾಯಿತು. ಕೋಶದ ಶಕ್ತಿಯ ಆಯವ್ಯಯ ನೋಡಿಕೊಳ್ಳುವ ಕಿಣ್ವವೊಂದನ್ನು ಈ ಔಷಧ ಚುರುಕುಗೊಳಿಸುತ್ತದೆ, ಮಿದುಳನ್ನೂ ತಲುಪುತ್ತದೆ.

ಇಲಿಗೆ ಒಗ್ಗಿದ್ದೆಲ್ಲ ಮನುಷ್ಯರಿಗೆ ಒಗ್ಗುವುದಿಲ್ಲ. 2019ರಲ್ಲಿ ಇಟಲಿಯ ವೈದ್ಯರು ಮೆಟ್‌ಫಾರ್ಮಿನ್ ಪಡೆದ 12 ರೋಗಿಗಳ ವಿವರ ಪ್ರಕಟಿಸಿದರು. ಮೂವರಲ್ಲಿ ಮೂರ್ಛೆ ಕೆಲಕಾಲ ತಗ್ಗಿ, ಸ್ಥಿತಿ ತುಸು ಸುಧಾರಿಸಿತ್ತು. ರೋಗ ಗುಣವಾದದ್ದು ಯಾರಲ್ಲಿಯೂ ಅಲ್ಲ. ಇತರ ಬಗೆಯ ಅಪಸ್ಮಾರಕ್ಕೆ ಈ ಮಾತ್ರೆಯನ್ನು ತಾವಾಗಿಯೇ ನುಂಗಲು ಇದು ಆಧಾರವಾಗದು. ಅನಂತರದ ಇಲಿಗಳ ಪ್ರಯೋಗಗಳಲ್ಲಿ, ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಔಷಧ ಆರಂಭಿಸಿದಾಗ ಫಲ ಹೆಚ್ಚೆಂದು ಕಂಡುಬಂದಿದೆ. ಹೀಗಾಗಿ ರೋಗವನ್ನು ಬೇಗ ಗುರುತಿಸುವುದು ಮುಖ್ಯವಾಗಿದೆ. ಅದಕ್ಕೀಗ ಮಿದುಳನ್ನು ಕತ್ತರಿಸಬೇಕಾಗಿಲ್ಲ. ವಂಶವಾಹಿಯ ಪರೀಕ್ಷೆ ಸಾಕಾಗುತ್ತದೆ. ಇಲ್ಲವೇ ಕಂಕುಳಿನ ಚರ್ಮದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಬೆವರು ಗ್ರಂಥಿಗಳ ನಾಳಗಳಲ್ಲಿ ಅವೇ ಕಣಗಳು ಕಾಣುತ್ತವೆ.