ತುಂಡಾದ ಹಗ್ಗದ ಈಚೆ ಉಳಿದವರು

ಸ್ವಿಟ್ಜರ್‌ಲೆಂಡಿನ ಜೆರ್ಮಾಟ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ತುಂಡಾದ ಹಗ್ಗವೊಂದನ್ನು ಇರಿಸಿದ್ದಾರೆ. 1865ರ ಜುಲೈ 14ರ ಮಧ್ಯಾಹ್ನ ಮ್ಯಾಟರ್‌ಹಾರ್ನ್ ಪರ್ವತದ ಮೇಲೆ ಅದು ಕಡಿಯಿತು. ಆಚೆಗಿದ್ದ ನಾಲ್ವರು ಸತ್ತರು, ಈಚೆಗಿದ್ದ ಮೂವರು ಬದುಕಿದರು. ಬದುಕಿದವರಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಎಡ್ವರ್ಡ್ ವಿಂಪರ್‌ನನ್ನು.

1840ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವಿಂಪರ್ ಮರದ ಅಚ್ಚು ಕೆತ್ತುವ ಕಸುಬಿನವನು. ಆಲ್ಪ್ಸ್ ಪರ್ವತಗಳ ಚಿತ್ರ ಬರೆದು ತರಲೆಂದು 1860ರಲ್ಲಿ ಪ್ರಕಾಶಕರೊಬ್ಬರು ಆತನನ್ನು ಕಳುಹಿಸಿದರು. ಹೋದವನನ್ನು ಮ್ಯಾಟರ್‌ಹಾರ್ನ್ ಹಿಡಿದುಕೊಂಡಿತು. 4,478 ಮೀಟರ್ ಎತ್ತರದ ಆ ಶಿಖರವನ್ನು ಆಗಿನ್ನೂ ಯಾರೂ ಏರಿರಲಿಲ್ಲ. ವಿಂಪರ್ ಮತ್ತೆ ಮತ್ತೆ ಯತ್ನಿಸಿ ಸೋತ. ಹಲವು ಸಲ ಜೊತೆಗೆ ಹತ್ತಿದ್ದ ಇಟಲಿಯ ಮಾರ್ಗದರ್ಶಿ ಕ್ಯಾರೆಲ್ 1865ರಲ್ಲಿ ತನ್ನ ದೇಶದವರ ತಂಡದೊಡನೆ ಹೊರಟಾಗ, ವಿಂಪರ್ ಅವಸರದಲ್ಲಿ ಸಿಕ್ಕವರನ್ನು ಕೂಡಿಕೊಂಡ. ಹದಿನೆಂಟರ ಲಾರ್ಡ್ ಫ್ರಾನ್ಸಿಸ್ ಡಗ್ಲಸ್, ಪಾದ್ರಿ ಚಾರ್ಲ್ಸ್ ಹಡ್ಸನ್, ಹಡ್ಸನ್ ಕರೆತಂದ ಹತ್ತೊಂಬತ್ತರ ಹ್ಯಾಡೊ, ಫ್ರಾನ್ಸಿನ ಮಾರ್ಗದರ್ಶಿ ಮಿಶೆಲ್ ಕ್ರೋ, ಜೆರ್ಮಾಟ್‌ನ ಪೀಟರ್ ಟಾಗ್‌ವಾಲ್ಡರ್ ಮತ್ತು ಆತನ ಮಗ. ಹ್ಯಾಡೊಗೆ ಅನುಭವ ಸಾಲದು. ಆದರೂ ಹಡ್ಸನ್ ಭರವಸೆ ಕೊಟ್ಟ, ವಿಂಪರ್ ಒಪ್ಪಿದ. ಆ ಒಪ್ಪಿಗೆಯ ಬೆಲೆ ಮರುದಿನಗಳಲ್ಲೇ ತಿಳಿಯಿತು.

ಶಿಖರವೇನೋ ದಕ್ಕಿತು. ಕೆಳಗೆ ಇನ್ನೂ ಹತ್ತುತ್ತಿದ್ದ ಕ್ಯಾರೆಲ್‌ನ ತಂಡಕ್ಕೆ ತಿಳಿಯಲೆಂದು ಇವರು ಕೂಗಿ ಕಲ್ಲುರುಳಿಸಿದರು. ಇಳಿಯಲು ಉಳಿದವರು ಹಗ್ಗ ಕಟ್ಟಿಕೊಳ್ಳುತ್ತಿದ್ದಾಗ ವಿಂಪರ್ ಶಿಖರದ ಚಿತ್ರ ಬರೆಯುತ್ತಿದ್ದ. ಯಾರ ನಡುವೆ ಯಾವ ಹಗ್ಗವಿದೆ ಎಂಬುದನ್ನು ಆತ ನೋಡಲಿಲ್ಲ. ಮುಂದೆ ಕ್ರೋ, ಬಳಿಕ ಹ್ಯಾಡೊ, ಹಡ್ಸನ್, ಡಗ್ಲಸ್, ಹಿರಿಯ ಟಾಗ್‌ವಾಲ್ಡರ್, ವಿಂಪರ್, ಕಿರಿಯ ಟಾಗ್‌ವಾಲ್ಡರ್. ಕ್ರೋ ಕೊಡಲಿಯನ್ನು ಬದಿಗಿಟ್ಟು ಹ್ಯಾಡೊನ ಪಾದಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಊರಿಸುತ್ತಿದ್ದ. ಹ್ಯಾಡೊ ಜಾರಿ ಆತನ ಮೇಲೆಯೇ ಬಿದ್ದ. ಅವರಿಬ್ಬರ ಭಾರ ಹಡ್ಸನ್‌ನನ್ನೂ ಡಗ್ಲಸ್‌ನನ್ನೂ ಸೆಳೆಯಿತು. ಮೇಲಿದ್ದವರು ಬಂಡೆಗೆ ಒರಗಿ ಕಾಲೂರಿ ನಿಂತರು. ಡಗ್ಲಸ್ ಮತ್ತು ಹಿರಿಯ ಟಾಗ್‌ವಾಲ್ಡರ್ ನಡುವಣ ಹಗ್ಗ ಕಡಿಯಿತು. ನಾಲ್ವರೂ ಸುಮಾರು 1,200 ಮೀಟರ್ ಕೆಳಗಿನ ಹಿಮನದಿಗೆ ಬಿದ್ದರು. ಡಗ್ಲಸ್‌ನ ದೇಹ ಸಿಗಲೇ ಇಲ್ಲ.

ಜೀವ ಉಳಿಸಿಕೊಳ್ಳಲು ಟಾಗ್‌ವಾಲ್ಡರ್ ಹಗ್ಗ ಕತ್ತರಿಸಿದನೆಂದು ಆತನ ಊರಿನವರೇ ಪಿಸುಗುಟ್ಟಿದರು. ಕ್ಷಣಾರ್ಧದಲ್ಲಿ ನಡೆದುಹೋದದ್ದರಲ್ಲಿ ಚಾಕು ತೆಗೆಯಲು ಸಮಯವೆಲ್ಲಿತ್ತು? ಹಗ್ಗ ಕತ್ತರಿಸಿದ್ದಲ್ಲ, ತಾನಾಗಿ ಕಡಿದದ್ದೆಂದು ವಿಂಪರ್ ಸ್ಪಷ್ಟವಾಗಿಯೇ ಹೇಳಿದ. ದುರ್ಬಲವೆಂದು ಅನಿಸಿದ್ದರೆ ಆ ಹಗ್ಗ ಬಳಸುತ್ತಿರಲಿಲ್ಲ ಎಂದು ಟಾಗ್‌ವಾಲ್ಡರ್ ವಿಚಾರಣೆಯಲ್ಲಿ ತಿಳಿಸಿದ. ವಿಚಾರಣೆ ಆತನನ್ನು ದೋಷಮುಕ್ತಗೊಳಿಸಿತು. ಮಾತು ಅಲ್ಲಿಗೇ ನಿಲ್ಲಬಹುದಿತ್ತು.

ನಿಲ್ಲಲು ವಿಂಪರ್ ಬಿಡಲಿಲ್ಲ. ತಂಡದ ಬಳಿಯಿದ್ದ ಮೂರು ಬಗೆಯ ಹಗ್ಗಗಳಲ್ಲಿ ಕಡಿದದ್ದು ಅತ್ಯಂತ ದುರ್ಬಲವಾದುದು. ಅಪಾಯದ ಮುನ್ನೆಣಿಕೆಯಿದ್ದವನಿಗೆ ಅಂಥ ಹಗ್ಗ ಅನುಕೂಲವೇ ಎಂಬ ಸಂಶಯವನ್ನು 1871ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬಿತ್ತಿದ. ಆದರೆ ಆ ಹಗ್ಗವನ್ನು ತಂದವನು ವಿಂಪರನೇ. ಅದು ಕಡಿದದ್ದರಿಂದ ಟಾಗ್‌ವಾಲ್ಡರ್ ಬದುಕಿದ್ದಾದರೆ, ಆತನ ಬೆನ್ನಿಗೇ ಕಟ್ಟಿಕೊಂಡಿದ್ದ ವಿಂಪರನೂ ಬದುಕಿದ್ದು ಅದರಿಂದಲೇ. ಓದುಬರಹದ ಬಲವಿದ್ದವನ ಸಂಶಯ ಪುಸ್ತಕವಾಗಿ ಊರೂರು ತಿರುಗಿತು. ಹಳ್ಳಿಯ ಮಾರ್ಗದರ್ಶಿಗೆ ಉತ್ತರಿಸಲು ಪುಸ್ತಕವಿರಲಿಲ್ಲ. ಟಾಗ್‌ವಾಲ್ಡರ್ ಕೆಲಕಾಲ ಅಮೆರಿಕಕ್ಕೆ ಹೋಗಿದ್ದು ಮರಳಿದ. 1888ರಲ್ಲಿ ಮ್ಯಾಟರ್‌ಹಾರ್ನ್‌ನ ಬುಡದ ಶ್ವಾರ್ಟ್ಸ್‌ಸೀಯಲ್ಲಿ ತೀರಿಕೊಂಡ.

ವಿಂಪರ್ ಗ್ರೀನ್‌ಲ್ಯಾಂಡಿಗೆ ಹೋದ. 1880ರಲ್ಲಿ ಹಳೆಯ ಪ್ರತಿಸ್ಪರ್ಧಿ ಕ್ಯಾರೆಲ್‌ನನ್ನೇ ಜೊತೆಗಿಟ್ಟುಕೊಂಡು ಈಕ್ವೆಡಾರ್‌ನ ಚಿಂಬೊರಾಜೊ ಏರಿದ. ಕ್ಯಾರೆಲ್ 1890ರಲ್ಲಿ ಮ್ಯಾಟರ್‌ಹಾರ್ನ್ ಮೇಲೆ ಬಿರುಗಾಳಿಗೆ ಸಿಕ್ಕಿ, ತನ್ನನ್ನು ನಂಬಿ ಬಂದಿದ್ದವನನ್ನು ಅಪಾಯದಿಂದ ಪಾರುಮಾಡಿ, ತಾನು ದಣಿವಿನಿಂದ ಪ್ರಾಣಬಿಟ್ಟ. 1911ರ ಸೆಪ್ಟೆಂಬರ್ 16ರಂದು ವಿಂಪರ್ ಶಾಮೊನಿಯ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಸತ್ತ. ಮಿಶೆಲ್ ಕ್ರೋ ಹುಟ್ಟಿದ್ದು ಅದೇ ಕಣಿವೆಯಲ್ಲಿ.