ಗ್ಯಾಸ್ ದೀಪ ಇಳಿಸಿ ಬಲ್ಬ್ ಏರಿಸಿದ ಜೋಸೆಫ್ ಸ್ವಾನ್

ವಿದ್ಯುತ್ ಬಲ್ಬ್ ಎಂದೊಡನೆ ಥಾಮಸ್ ಆಲ್ವಾ ಎಡಿಸನ್ ಹೆಸರು ನೆನಪಾಗುವುದು ಶಾಲಾ ದಿನಗಳಿಂದ ಬಂದ ರೂಢಿ. ಆದರೆ ವಾಸದ ಮನೆಯ ಹಳೆಯ ದೀಪಗಳನ್ನು ಕಳಚಿ, ಅವುಗಳ ಜಾಗದಲ್ಲಿ ಬಲ್ಬ್ ಕೂರಿಸುವ ಸಾಹಸದಲ್ಲಿ ಇಂಗ್ಲೆಂಡಿನ ಔಷಧ ವ್ಯಾಪಾರಿಯೊಬ್ಬರ ಪಾಲು ದೊಡ್ಡದು. ಅವರೇ ಸರ್ ಜೋಸೆಫ್ ವಿಲ್ಸನ್ ಸ್ವಾನ್.

ಸ್ವಾನ್ ಜನಿಸಿದ್ದು 1828ರ ಅಕ್ಟೋಬರ್ 31ರಂದು, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲೆಂಡ್‌ನಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಹದಿಹರೆಯದಲ್ಲೇ ಔಷಧದ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದರು. ನಂತರ ನ್ಯೂಕ್ಯಾಸಲ್ ನಗರದಲ್ಲಿ ಅಕ್ಕನ ಗಂಡ ಜಾನ್ ಮಾಸನ್ ನಡೆಸುತ್ತಿದ್ದ ರಾಸಾಯನಿಕ ವಸ್ತುಗಳ ಸಂಸ್ಥೆಯಲ್ಲಿ ಸಹಾಯಕರಾಗಿ, ಕ್ರಮೇಣ ಪಾಲುದಾರರಾದರು.

ಆ ಕಾಲದ ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ ಉರಿಯುತ್ತಿದ್ದುದು ಗ್ಯಾಸ್ ದೀಪ. ಬೆಳಕಿನ ಜತೆಗೆ ಸೆಕೆ, ವಾಸನೆ, ಚಾವಣಿಗೆ ಮಸಿ ಇವೂ ಬರುತ್ತಿದ್ದವು. ವಿದ್ಯುತ್ತಿನ ಆರ್ಕ್ ದೀಪಗಳಿದ್ದವಾದರೂ ಅವುಗಳ ಪ್ರಖರತೆ ದೀಪಸ್ತಂಭಕ್ಕೆ ತಕ್ಕುದೇ ಹೊರತು ಊಟದ ಕೋಣೆಗಲ್ಲ. ಮನೆಗೆ ಬೇಕಾಗಿದ್ದುದು ಸಣ್ಣ, ತಂಪು ಬೆಳಕು. ಗಾಜಿನ ಬುರುಡೆಯೊಳಗೆ ಸುಟ್ಟ ಕಾಗದದ ಇಂಗಾಲದ ಎಳೆಯನ್ನಿಟ್ಟು, ವಿದ್ಯುತ್ ಹರಿಸಿ ಅದನ್ನು ಬೆಳಗಿಸುವ ಪ್ರಯೋಗಕ್ಕೆ ಸ್ವಾನ್ ಕೈಹಾಕಿದ್ದು 1850ರ ದಶಕದಲ್ಲೇ. ಎಳೆ ಬೆಳಗಿತು, ಆದರೆ ಬೇಗ ಸುಟ್ಟುಹೋಯಿತು. ಬುರುಡೆಯೊಳಗಿನ ಗಾಳಿಯನ್ನು ಪೂರ್ತಿ ಹೊರತೆಗೆಯುವ ಪಂಪ್ ಆಗ ಇರಲಿಲ್ಲ.

ಪ್ರಯೋಗ ನಿಂತಿತು. ಅಷ್ಟರಲ್ಲಿ ಬದುಕು ಪೆಟ್ಟಿನ ಮೇಲೆ ಪೆಟ್ಟು ಕೊಟ್ಟಿತು. 1867ರಲ್ಲಿ ನೈಟ್ರೋಗ್ಲಿಸರಿನ್ ಸ್ಫೋಟದಲ್ಲಿ ಮಾಸನ್ ತೀರಿಕೊಂಡರು. ಸಂಸ್ಥೆಯ ಹೊಣೆ ಸ್ವಾನ್ ಹೆಗಲಿಗೆ ಬಿತ್ತು. ಮರುವರ್ಷ ಪತ್ನಿ ಫ್ರಾನ್ಸಿಸ್ ಕಣ್ಮುಚ್ಚಿದರು. ಮುಂದೆ ಆಕೆಯ ಸಹೋದರಿ ಹ್ಯಾನ್ನಾ ಅವರನ್ನು ವರಿಸಲು ಸ್ವಾನ್ ಸ್ವಿಟ್ಜರ್ಲೆಂಡಿಗೆ ಹೋಗಬೇಕಾಯಿತು. ತೀರಿಕೊಂಡ ಪತ್ನಿಯ ಸಹೋದರಿಯನ್ನು ಮದುವೆಯಾಗುವುದಕ್ಕೆ ಅಂದಿನ ಇಂಗ್ಲೆಂಡಿನ ಕಾನೂನು ಒಪ್ಪುತ್ತಿರಲಿಲ್ಲ! ಈ ನಡುವೆಯೂ ಛಾಯಾಚಿತ್ರ ಮುದ್ರಣದ ಕಾರ್ಬನ್ ವಿಧಾನದಿಂದ ಅವರು ಹೆಸರು ಗಳಿಸಿದ್ದರು.

ಹರ್ಮನ್ ಸ್ಪ್ರೆಂಗೆಲ್ ಅವರ ಪಾದರಸದ ಪಂಪ್ ಬಳಕೆಗೆ ಬಂದ ಮೇಲೆ, 1870ರ ದಶಕದ ಉತ್ತರಾರ್ಧದಲ್ಲಿ, ಸ್ವಾನ್ ಮತ್ತೆ ಬಲ್ಬಿನತ್ತ ತಿರುಗಿದರು. ನಿರ್ವಾತದ ಕೆಲಸ ಬಲ್ಲ ಚಾರ್ಲ್ಸ್ ಸ್ಟರ್ನ್ ನೆರವಾದರು. ಗಾಳಿ ತೆಗೆದರೂ ಬುರುಡೆಯ ಒಳಮೈ ಕಪ್ಪಾಗುತ್ತಿತ್ತು. ಇಂಗಾಲದೊಳಗೇ ಅಡಗಿದ್ದ ಅನಿಲ ಕಾದಾಗ ಹೊರಬರುವುದೇ ಅದಕ್ಕೆ ಕಾರಣವೆಂದು ಕಂಡುಕೊಂಡ ಸ್ವಾನ್, ಪಂಪ್ ನಡೆಯುತ್ತಿರುವಾಗಲೇ ಎಳೆಯನ್ನು ಕಾಯಿಸಿ, ಆಮೇಲೆ ಬುರುಡೆಯ ಬಾಯಿ ಮುಚ್ಚಿದರು. 1878ರ ಡಿಸೆಂಬರ್‌ನಲ್ಲಿ ನ್ಯೂಕ್ಯಾಸಲ್‌ನ ರಸಾಯನಶಾಸ್ತ್ರ ಸಂಘದ ಸಭೆಯಲ್ಲಿ ಬಲ್ಬನ್ನು ತೋರಿಸಿದರು. ಎಡಿಸನ್ ಅವರ ಯಶಸ್ವಿ ಪ್ರಯೋಗ ನಡೆದದ್ದು 1879ರ ಅಕ್ಟೋಬರ್‌ನಲ್ಲಿ.

ಆದರೆ ಸ್ವಾನ್ ಪೇಟೆಂಟ್ ಪಡೆಯಲು ಆತುರಪಡಲಿಲ್ಲ. ಎಡಿಸನ್ ಆತುರಪಟ್ಟರು. ಇನ್ನೊಂದು ಮಾತನ್ನೂ ಒಪ್ಪಬೇಕು. ಸ್ವಾನ್ ಅವರ ಮೊದಲ ಬಲ್ಬಿನ ಇಂಗಾಲ ದಪ್ಪ ಕಡ್ಡಿಯಂಥದ್ದು. ಅದನ್ನು ಉರಿಸಲು ಹೆಚ್ಚು ಕರೆಂಟು, ದಪ್ಪ ತಾಮ್ರದ ತಂತಿ ಬೇಕು. ಎಡಿಸನ್ ಆರಿಸಿದ ತೆಳು ಎಳೆಗೆ ಆ ತೊಡಕಿರಲಿಲ್ಲ. 1880ರಲ್ಲಿ ಸ್ವಾನ್ ಕೂಡ ಗಂಧಕಾಮ್ಲದಲ್ಲಿ ಹದಗೊಳಿಸಿದ ಹತ್ತಿಯ ದಾರಕ್ಕೆ ಬದಲಾದರು.

ಗೇಟ್ಸ್‌ಹೆಡ್‌ನ ಲೋ ಫೆಲ್ ಬಡಾವಣೆಯಲ್ಲಿದ್ದ ಅವರ ಸ್ವಂತ ಮನೆ ಅಂಡರ್‌ಹಿಲ್, ಬಲ್ಬಿನ ಬೆಳಕು ಕಂಡ ಪ್ರಥಮ ಮನೆಗಳಲ್ಲೊಂದು. ಇನ್ನೂ ಸ್ವಾರಸ್ಯಕರವಾದದ್ದು ಉದ್ಯಮಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಅವರ ಕ್ರ್ಯಾಗ್‌ಸೈಡ್ ಬಂಗಲೆಯ ಕಥೆ. ತೊರೆಯ ನೀರಿನಿಂದ ಡೈನಮೊ ತಿರುಗಿಸಿ 1878ರಲ್ಲಿ ಅಲ್ಲಿ ಆರ್ಕ್ ದೀಪ ಹಚ್ಚಲಾಗಿತ್ತು. 1880ರಲ್ಲಿ ಅದನ್ನು ತೆಗೆದು ಸ್ವಾನ್ ಬಲ್ಬ್‌ಗಳನ್ನು ಅಳವಡಿಸಲಾಯಿತು. ಇಡೀ ಮನೆಗೆ 45 ಬಲ್ಬ್. ಆದರೆ ಏಕಕಾಲಕ್ಕೆ ಉರಿಸುತ್ತಿದ್ದುದು ಹೆಚ್ಚೆಂದರೆ 37. ಗ್ರಂಥಾಲಯದಲ್ಲಿ ತಾಮ್ರದ ಮೇಲೆ ಎನಾಮೆಲ್ ಹೊದಿಸಿದ ಹೂಜಿಗಳೇ ದೀಪದ ಕಂಬಗಳಾದವು. ಹೂಜಿಯ ಕೆಳಗಿನ ಪೀಠದಲ್ಲಿ ಪಾದರಸದ ಪುಟ್ಟ ಬಟ್ಟಲು; ಬಲ್ಬಿನ ತಂತಿಯ ತುದಿ ಅದರಲ್ಲಿ ಅದ್ದಿದರೆ ದೀಪ ಹತ್ತುತ್ತಿತ್ತು, ಹೂಜಿ ಎತ್ತಿದರೆ ಆರುತ್ತಿತ್ತು. ಇಂದಿನ ಎಲೆಕ್ಟ್ರಿಷಿಯನ್ ಕಂಡರೆ ಬೆಚ್ಚಿಬೀಳುವಂಥ ಸ್ವಿಚ್ ಅದು!

ಜನರ ಹೆದರಿಕೆ ಹೋಗಲು ಲಂಡನ್ನಿನ ಸವೋಯ್ ರಂಗಮಂದಿರ ನೆರವಾಯಿತು. 1881ರಲ್ಲಿ ಅಲ್ಲಿ ಸುಮಾರು 1,200 ಸ್ವಾನ್ ಬಲ್ಬ್‌ಗಳು ಬೆಳಗಿದವು. ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆಯೇ ಉರಿಯುವ ಬಲ್ಬಿಗೆ ತೆಳುಬಟ್ಟೆ ಸುತ್ತಿ ಒಡೆದು, ಬಟ್ಟೆಗೆ ಬೆಂಕಿ ಹತ್ತದ್ದನ್ನು ಪ್ರೇಕ್ಷಕರಿಗೆ ತೋರಿಸಿದರು.

ಪೇಟೆಂಟ್ ಕದನ ಬೇಡವೆಂದು 1883ರಲ್ಲಿ ಇಬ್ಬರ ಕಂಪನಿಗಳೂ ಬ್ರಿಟನ್‌ನಲ್ಲಿ ಒಂದಾಗಿ 'ಎಡಿಸ್ವಾನ್' ಆಯಿತು. ವಿಧಿಯ ವ್ಯಂಗ್ಯ ಶುರುವಾದದ್ದು ಇಲ್ಲಿಂದ. ಪ್ರತಿಸ್ಪರ್ಧಿಗಳನ್ನು ತಡೆಯಲು ಕಂಪನಿಯ ಕೈಯಲ್ಲಿದ್ದ ಅಸ್ತ್ರ ಎಡಿಸನ್ ಪೇಟೆಂಟ್. ಸ್ವಾನ್ ಮೊದಲೇ ಅಂಥ ಬಲ್ಬ್ ಮಾಡಿದ್ದರೆಂದು ಒಪ್ಪಿದರೆ ಆ ಪೇಟೆಂಟೇ ಬಿದ್ದುಹೋಗುತ್ತಿತ್ತು. ಹೀಗಾಗಿ ನ್ಯಾಯಾಲಯದಲ್ಲಿ ಸ್ವಾನ್ ಹೆಸರು ಹೊತ್ತ ಕಂಪನಿಯೇ, ಸ್ವಾನ್ ಬಲ್ಬಿನಲ್ಲಿದ್ದುದು ಕಡ್ಡಿ, ಎಳೆಯಲ್ಲ ಎಂದು ವಾದಿಸಿತು. ಕಂಪನಿ ಗೆದ್ದಿತು. ಸ್ವಾನ್ ಅವರ ಹಿರಿಮೆ ಮಂಕಾಯಿತು.

ಅವರು ಕೈಕಟ್ಟಿ ಕೂರಲಿಲ್ಲ. ಬಲ್ಬಿಗೆ ಒಂದೇ ಸಮನಾದ ಎಳೆ ಬೇಕೆಂದು ನೈಟ್ರೋಸೆಲ್ಯುಲೋಸನ್ನು ಸಣ್ಣ ರಂಧ್ರದಿಂದ ಒತ್ತಿ ತೆಗೆದರು. ಅದೇ ನೂಲಿನಿಂದ ಹ್ಯಾನ್ನಾ ಕ್ರೋಶಾ ಕಡ್ಡಿಯಲ್ಲಿ ಹೆಣೆದ ವಸ್ತ್ರಗಳು 1885ರ ಲಂಡನ್ ಪ್ರದರ್ಶನದಲ್ಲಿದ್ದವು. ಕೃತಕ ರೇಷ್ಮೆಯ ಆರಂಭಿಕ ಮಾದರಿಗಳವು. 1894ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1904ರಲ್ಲಿ ಸರ್ ಪದವಿ ಅವರನ್ನರಸಿ ಬಂದವು. 1914ರ ಮೇ 27ರಂದು ಸರ್ರೆಯ ವಾರ್ಲಿಂಗ್‌ಹ್ಯಾಮ್‌ನಲ್ಲಿ ನಿಧನರಾದರು. ಆ ವೇಳೆಗೆ ಇಂಗಾಲದ ಎಳೆಯ ಜಾಗಕ್ಕೆ ಟಂಗ್‌ಸ್ಟನ್ ಬಂದಾಗಿತ್ತು.

ಸ್ವಾನ್ ಅವರ ಮೊದಮೊದಲ ಬಲ್ಬ್‌ಗಳಿಗೆ ಲೋಹದ ತಲೆಯೇ ಇರಲಿಲ್ಲ. ಪ್ಲಾಟಿನಂ ಕುಣಿಕೆಗಳನ್ನು ಕೊಕ್ಕೆಗೆ ಸಿಕ್ಕಿಸಬೇಕಿತ್ತು. ಅಮೆರಿಕ ಎಡಿಸನ್ ಅವರ ತಿರುಪಿನ ಹೋಲ್ಡರ್ ಹಿಡಿಯಿತು. ಬ್ರಿಟನ್ನಿನಲ್ಲಿ ನೆಲೆಯೂರಿದ್ದು ಒತ್ತಿ ತಿರುಗಿಸುವ ಪಿನ್ ಹೋಲ್ಡರ್. ಅದರ ಸುಧಾರಣೆಯಲ್ಲಿ ಸ್ವಾನ್ ಸಹೋದರ ಆಲ್ಫ್ರೆಡ್ ಅವರ ಕೈವಾಡವಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರನ್ನು ಬೆಳಗಿದ ಕಾಲದಿಂದ ಇಲ್ಲಿನ ಮನೆಗಳಿಗೂ ಬ್ರಿಟಿಷ್ ಪದ್ಧತಿಯೇ ಬಂದಿತು. ನಾವು ಅಂಗಡಿಯಲ್ಲಿ ಕೊಳ್ಳುವ ಬಹುತೇಕ ಎಲ್‌ಇಡಿ ಬಲ್ಬ್‌ಗಳಿಗೆ ಇಂದಿಗೂ ಅದೇ ಎರಡು ಪಿನ್ನಿನ, 22 ಮಿಲಿಮೀಟರ್ ಅಳತೆಯ ತಲೆ ಇದೆ.