ಪಾಳೆಯದಲ್ಲಿ ಲಿಂಕನ್
ಕೆಂಟುಕಿಯ ಮರದ ಗುಡಿಸಲೊಂದರಲ್ಲಿ 1809ರಲ್ಲಿ ಜನಿಸಿದ ಅಬ್ರಹಾಂ ಲಿಂಕನ್ 1861ರಲ್ಲಿ ಅಮೆರಿಕದ ಅಧ್ಯಕ್ಷನಾದನು. ಗುಲಾಮಗಿರಿಯ ಪ್ರಶ್ನೆಯಿಂದ ಒಡೆದ ನಾಡಿನಲ್ಲಿ ಕೆಲವೇ ವಾರಗಳಲ್ಲಿ ಅಂತರ್ಯುದ್ಧ ಮೊದಲಾಯಿತು. 1862ರ ಸೆಪ್ಟೆಂಬರ್ 17ರ ಒಂದೇ ದಿನ ಆಂಟೀಟಮ್ ಹೊಳೆಯ ಬಳಿ ಸುಮಾರು 23,000 ಸೈನಿಕರು ಮಡಿದರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಹಿಮ್ಮೆಟ್ಟಿದ ಶತ್ರುವನ್ನು ಸೇನಾಪತಿ ಮೆಕ್ಲೆಲನ್ ಬೆನ್ನಟ್ಟಲಿಲ್ಲ. ಆದುದರಿಂದ ಅಕ್ಟೋಬರಿನಲ್ಲಿ ಲಿಂಕನ್ ತಾನೇ ಪಾಳೆಯಕ್ಕೆ ಹೋಗಿ, ಗಾಯಾಳುಗಳನ್ನು ಕಂಡು, ಮುನ್ನಡೆಯುವಂತೆ ಸೇನಾಪತಿಯನ್ನು ಒತ್ತಾಯಿಸಿದನು. ಅಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಛಾಯಾಚಿತ್ರದಲ್ಲಿ ಇಬ್ಬರೂ ಡೇರೆಯೊಳಗೆ ಎದುರುಬದುರಾಗಿ ಕುಳಿತಿದ್ದಾರೆ. ಅಂದಿನ ಕ್ಯಾಮೆರಾದ ಮುಂದೆ ಕೆಲವು ಕ್ಷಣ ಅಲುಗಾಡದೆ ಇರಬೇಕಾಗಿತ್ತು. ಆ ನಿಶ್ಚಲತೆಯ ಹಿಂದೆ ಅಧ್ಯಕ್ಷನ ಕಳವಳವಿತ್ತು. ವಿಳಂಬ ಮುಂದುವರಿಯಲು, ನವೆಂಬರಿನಲ್ಲಿ ಸೇನಾಪತಿಯನ್ನು ಪದವಿಯಿಂದ ತೆಗೆದನು. 1865ರಲ್ಲಿ ದೇಶ ಒಂದಾಗುತ್ತಿದ್ದಂತೆಯೇ ಲಿಂಕನ್ ಹಂತಕನ ಗುಂಡಿಗೆ ಬಲಿಯಾದನು. ರಣಭೂಮಿಯ ನೋವನ್ನು ತಾನೇ ಹೋಗಿ ನೋಡಿದ ನಾಯಕನಿಗೆ ಆ ಚಿತ್ರ ಸಾಕ್ಷಿಯಾಗಿದೆ.